ಕಿವಿಯಿಂದ ಕಲಿಯುವ ಮನೋವೈದ್ಯರಿಗೆ: ಓಪಿಡಿಯ ಪ್ರಶ್ನೆಯಿಂದ ರೋಗಿಯ ಫೈಲಿನವರೆಗೆ

ಜಿಲ್ಲಾ ಆಸ್ಪತ್ರೆಯಲ್ಲೋ ತಾಲ್ಲೂಕಿನಲ್ಲೋ ಕೆಲಸ ಮಾಡುವ ಮನೋವೈದ್ಯರಿಗೆ ಕೂತು ಓದಲು ಸಮಯ ಸಿಗುವುದಿಲ್ಲ. ಬೆಳಗ್ಗೆ ಓಪಿಡಿ, ಆಮೇಲೆ ವಾರ್ಡು, ನಡುವೆ ಅಂಗವೈಕಲ್ಯ ಸರ್ಟಿಫಿಕೇಟು, ಕೋರ್ಟಿನ ಪತ್ರ. ಸಂಜೆಯಾದರೆ ಫೋನು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಸರ್ಕಾರಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇದ್ದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ. ಪಕ್ಕದಲ್ಲಿ ಕೂತು ಕೇಸ್ ಚರ್ಚೆ ಮಾಡಲು ಇನ್ನೊಬ್ಬ ಮನೋವೈದ್ಯ ಇರುವುದೂ ಅಪರೂಪ. ಆದರೆ ಪ್ರಯಾಣದಲ್ಲಿ, ನಡಿಗೆಯಲ್ಲಿ, ಅಡುಗೆಮನೆಯಲ್ಲಿ ಕಿವಿ ಬಿಡುವಾಗಿರುತ್ತದೆ. ಆ ಬಿಡುವನ್ನು ಕಲಿಕೆಗೆ ಹೇಗೆ ಬಳಸಬಹುದು ಅನ್ನುವುದೇ ಈ ಮಾರ್ಗದರ್ಶಿಯ ವಿಷಯ. ಪಿಜಿ ಮಾಡುತ್ತಿರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಈ ಯೋಚನೆ ಹಳೆಯದು. ಕ್ಯಾಲಿಫೋರ್ನಿಯಾದ ಜೆರ್ರಿ ಪೆಟಿಸ್ 1950ರ ದಶಕದ ಆರಂಭದಲ್ಲೇ ಆಡಿಯೋ ಡೈಜೆಸ್ಟ್ ಫೌಂಡೇಶನ್ ಕಟ್ಟಿದರು. ವೈದ್ಯಕೀಯ ಉಪನ್ಯಾಸಗಳು ಟೇಪುಗಳಲ್ಲಿ ವೈದ್ಯರ ಮನೆಗೆ ಬರತೊಡಗಿದವು. ಆಮೇಲೆ ಕ್ಯಾಸೆಟ್ಟು, ಸಿಡಿ ಬಂದವು. ಮನೋವೈದ್ಯರಿಗೆಂದೇ ಪ್ರತ್ಯೇಕ ಸರಣಿಯೂ ಶುರುವಾಯಿತು. ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ, ಬಹಳಷ್ಟು ಉಚಿತ. ಹಾಗಾಗಿ ಈಗಿರುವ ತೊಂದರೆ ಕೊರತೆಯದಲ್ಲ. ತಿಂಗಳುಗಟ್ಟಲೆ ಕೇಳಿದರೂ ಚಿಕಿತ್ಸೆಯಲ್ಲಿ ಏನೂ ಬದಲಾಗದೇ ಇರುವುದೇ ತೊಂದರೆ. ನನ್ನ ಅಳತೆಗೋಲು ಒಂದೇ: ಕೇಳಿದ್ದು ಯಾವುದಾದರೂ ರೋಗಿಯ ಫೈಲಿನಲ್ಲಿ ಒಂದು ಸಾಲಾಗಿ ಇಳಿಯಬೇಕು. ಅಲ್ಲಿಯವರೆಗೆ ಅದನ್ನು ಕಲಿಕೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 1: ಪ್ರಶ್ನೆ ಓಪಿಡಿಯಿಂದಲೇ ಬರಲಿ

ಆ್ಯಪ್ ತೆರೆದು "ಇವತ್ತು ಏನಿದೆ" ಎಂದು ಹುಡುಕಬೇಡಿ. ಓಪಿಡಿ ಮುಗಿದ ಕೂಡಲೇ, ಕುರ್ಚಿ ಬಿಟ್ಟು ಏಳುವ ಮೊದಲು, ಇವತ್ತು ನಿಮಗೆ ಖಚಿತವಾಗಿ ಉತ್ತರಿಸಲು ಆಗದ ಒಂದು ಪ್ರಶ್ನೆಯನ್ನು ಬರೆದುಕೊಳ್ಳಿ. ಒಂದೇ ಸಾಲು ಸಾಕು. "ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ) ಇರುವ ಯುವತಿ, ಮೂಡ್ ಸ್ಥಿರವಾಗಿಡುವ ವ್ಯಾಲ್‌ಪ್ರೋಯೇಟ್ ಮೇಲೆ ಚೆನ್ನಾಗಿದ್ದಾಳೆ, ಮದುವೆ ಗೊತ್ತಾಗಿದೆ, ಈಗ ಏನು ಮಾಡಬೇಕು?" "ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಶುರು ಮಾಡಿದ ಮೇಲೆ ಜೊಲ್ಲು ಸುರಿಯುತ್ತಿದೆ, ಆಯ್ಕೆಗಳೇನು?" "ಮಗ ತೀರಿಕೊಂಡು ವರ್ಷವಾದರೂ ತಾಯಿ ಅಡುಗೆಮನೆಗೆ ಕಾಲಿಟ್ಟಿಲ್ಲ, ಇದು ಖಿನ್ನತೆಯೋ, ದೀರ್ಘಕಾಲದ ಶೋಕದ ಕಾಯಿಲೆಯೋ?"

ಪ್ರಶ್ನೆಗೆ ಒಂದು ಮುಖವಿದ್ದರೆ ಕಿವಿ ಚುರುಕಾಗುತ್ತದೆ. "ಮೂಡ್ ಡಿಸಾರ್ಡರ್ ಅಪ್‌ಡೇಟ್" ಎಂಬ ಉಪನ್ಯಾಸ ಕೇಳುವಾಗ ಮನಸ್ಸು ಎಲ್ಲೆಲ್ಲೋ ಅಲೆಯುತ್ತದೆ. ಆ ಯುವತಿಗೆ ಏನು ಹೇಳಲಿ ಎಂಬ ಚಿಂತೆಯಿಂದ ಕೇಳುವಾಗ ಹಾಗಾಗುವುದಿಲ್ಲ. ವಾರಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಜಾಸ್ತಿ ಬೇಡ.

ಹಂತ 2: ಕಿವಿಗೆ ಯಾವುದು, ಕಣ್ಣಿಗೆ ಯಾವುದು ಎಂದು ಬೇರ್ಪಡಿಸಿ

ಬಹಳ ಜನ ಈ ಹಂತವನ್ನು ಬಿಟ್ಟುಬಿಡುತ್ತಾರೆ.

ರೋಗಿಯ ಜೊತೆ ಮಾತು ಹೇಗೆ ಶುರು ಮಾಡಬೇಕು, ಆತ್ಮಹತ್ಯೆಯ ಯೋಚನೆಯ ಬಗ್ಗೆ ಹೇಗೆ ಕೇಳಬೇಕು, ಹಿರಿಯರೊಬ್ಬರು ಒಂದು ಡಯಾಗ್ನೋಸಿಸ್ ಅನ್ನು ಹೇಗೆ ಕಟ್ಟುತ್ತಾರೆ, ಒಂದು ಟ್ರಯಲ್ (ಔಷಧದ ಪ್ರಯೋಗ) ಬಗ್ಗೆ ಇಬ್ಬರು ತಜ್ಞರು ಹೇಗೆ ವಾದ ಮಾಡುತ್ತಾರೆ, ಸೈಕೋಥೆರಪಿಯ ಒಂದು ಸೆಷನ್ ಎಲ್ಲಿ ಸಿಕ್ಕಿಕೊಂಡಿತು ಎಂಬಂಥದ್ದನ್ನು ಕಿವಿಯಿಂದ ಚೆನ್ನಾಗಿ ಕಲಿಯಬಹುದು. ಇವುಗಳಲ್ಲಿ ಕೆಲವನ್ನು ಪುಸ್ತಕದಲ್ಲಿ ಓದಿದರೆ ಅರ್ಧವೂ ದಕ್ಕುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಅನ್ನುವುದನ್ನು ಅಚ್ಚಿನಲ್ಲಿ ತೋರಿಸಲು ಆಗುವುದಿಲ್ಲ ಅಲ್ವಾ?

ನಮ್ಮ ಪರೀಕ್ಷೆಯ ಮುಖ್ಯ ಉಪಕರಣವೇ ಕಿವಿ. ಉನ್ಮಾದದ ಮಾತಿನ ರಭಸ, ಖಿನ್ನತೆಯಲ್ಲಿ ಉತ್ತರ ಬರುವ ಮುಂಚಿನ ತಡ, ದನಿಯ ಏರಿಳಿತ ಇಲ್ಲದಿರುವುದು, ಯೋಚನೆಯ ಎಳೆ ತಪ್ಪುವುದು ಇವೆಲ್ಲ ಕೇಳಿಯೇ ಪಳಗಬೇಕಾದವು. ಬೋಧನೆಗೆಂದು ಒಪ್ಪಿಗೆ ಪಡೆದು ಮಾಡಿದ ಅಥವಾ ನಟರಿಂದ ಮಾಡಿಸಿದ ಸಂದರ್ಶನಗಳು ಸಿಕ್ಕರೆ ಒಮ್ಮೆ ನೋಡದೆ ಬರೀ ಕೇಳಿ. ಮಾತಿನ ಬಗ್ಗೆ ಮಾತ್ರ ನಾಲ್ಕು ಸಾಲಿನ ಎಂಎಸ್‌ಇ (ರೋಗಿಯ ಮನಃಸ್ಥಿತಿಯ ಪರೀಕ್ಷಾ ಟಿಪ್ಪಣಿ) ಬರೆಯಿರಿ. ಆಮೇಲೆ ವಿಡಿಯೋ ನೋಡಿ ತಾಳೆ ಹಾಕಿ.

ಇನ್ನೊಂದು ಮಾತು, ಊರು ಬಿಟ್ಟು ಊರಿಗೆ ವರ್ಗವಾಗಿ ಹೋಗುವವರಿಗೆ. ಮೈಸೂರಿನಲ್ಲಿ ಕಲಿತವರು ಕಲಬುರಗಿಗೆ ಹೋದಾಗ ರೋಗಿಯ ಕನ್ನಡವೇ ಮೊದಲ ಪರೀಕ್ಷೆ. "ಮೈಯಾಗ ಉರಿ ಉರಿ ಆಗ್ತೈತ್ರಿ, ಎದಿ ಹಾರತೈತಿ" ಎಂದು ಹೇಳಿದವರ ಸಂಕಟ ಎಷ್ಟು ಗಾಢವಾದದ್ದು ಎಂದು ಅಳೆಯಲು ಆ ಸೀಮೆಯ ಮಾತಿನ ಲಯ ಕಿವಿಗೆ ಇಳಿದಿರಬೇಕು. ಧಾರವಾಡ, ಕಲಬುರಗಿ, ಮಂಗಳೂರು ಆಕಾಶವಾಣಿ ಕೇಂದ್ರಗಳ ನಾಟಕ, ಹಳ್ಳಿಗರ ಕಾರ್ಯಕ್ರಮ, ಫೋನ್-ಇನ್ ಕೇಳುವುದೂ ಕಲಿಕೆಯೇ. ಇದಕ್ಕೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಆದರೆ ರೋಗಿಗೆ ಆಗುವ ಲಾಭ ದೊಡ್ಡದು.

ಇನ್ನು ಕಣ್ಣಿಗೇ ಬಿಡಬೇಕಾದವು: ಡೋಸ್ ಏರಿಸುವ ಪಟ್ಟಿ, ಇಸಿಜಿ, ಟ್ರಯಲ್‌ಗಳ ಗ್ರಾಫ್, ಕಾನೂನಿನ ಸೆಕ್ಷನ್‌ಗಳ ಪಠ್ಯ. ಇಂಗ್ಲಿಷ್ ಆಡಿಯೋದಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳಿಸುತ್ತವೆ, ಅದೂ ಬಸ್ಸಿನ ಸದ್ದಿನಲ್ಲಿ. ಬುಪ್ರೋಪಿಯಾನ್, ಬುಸ್ಪಿರೋನ್ ಎಂಬ ಹೆಸರುಗಳು ಕಿವಿಯಲ್ಲಿ ಕಲಸಿಹೋಗುತ್ತವೆ. ಬೈಪೋಲಾರ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಉದಾಹರಣೆ ನೋಡಿ. ಒಂದೇ ಔಷಧವಾಗಿ ಶುರು ಮಾಡುವಾಗ ದಿನಕ್ಕೆ 25 ಮಿ.ಗ್ರಾಂ. ಜೊತೆಗೆ ವ್ಯಾಲ್‌ಪ್ರೋಯೇಟ್ ಇದ್ದರೆ ದಿನ ಬಿಟ್ಟು ದಿನ 25. ಈ "ದಿನ ಬಿಟ್ಟು ದಿನ" ಎಂಬುದನ್ನು ಕೇಳದೆ ತಪ್ಪಿಸಿಕೊಂಡರೆ ಚರ್ಮದ ಗಂಭೀರ ಅಲರ್ಜಿಯ ಅಪಾಯ ಏರುತ್ತದೆ. ಹಾಗಾಗಿ ಇದೊಂದು ನಿಯಮ ಇರಲಿ: ಕಿವಿಯಿಂದ ಬಂದ ಯಾವ ಅಂಕಿಯನ್ನೂ ಅಚ್ಚಿನಲ್ಲಿ ನೋಡದೆ ಚೀಟಿಗೆ ಬರೆಯಬಾರದು.

ಹಂತ 3: ಮೂಲ ಆರಿಸಿ

ಶುರುವಿಗೆ ಎರಡೋ ಮೂರೋ ಸಾಕು. ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯ ಆಡಿಯೋ ಮತ್ತು ಜಾಮಾ ಸೈಕಿಯಾಟ್ರಿಯ ಲೇಖಕರ ಸಂದರ್ಶನಗಳಲ್ಲಿ ಸಂಶೋಧಕರೇ ತಮ್ಮ ಅಧ್ಯಯನದ ಮಿತಿಗಳನ್ನು ಹೇಳುವುದನ್ನು ಕೇಳಬಹುದು. ಕಾರ್ಲಾಟ್ ಸೈಕಿಯಾಟ್ರಿ ಪಾಡ್‌ಕಾಸ್ಟ್ ಔಷಧ ಕಂಪನಿಗಳ ಹಣವಿಲ್ಲದೆ ನಡೆಯುತ್ತದೆ. ಪ್ರಿಸ್ಕ್ರಿಪ್ಷನ್ ಬಗ್ಗೆ ನೇರವಾಗಿ ಮಾತಾಡುತ್ತಾರೆ. ಟೊರಾಂಟೋದ ಪಿಜಿಗಳು ಶುರು ಮಾಡಿದ ಸೈಕ್‌ಎಡ್ ಪಾಡ್‌ಕಾಸ್ಟ್ ಪರೀಕ್ಷೆಗೆ ಓದುವವರಿಗೆ ಒಳ್ಳೆಯದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನ ಪಾಡ್‌ಕಾಸ್ಟ್‌ಗಳೂ ಇವೆ.

ನಮ್ಮಲ್ಲಿ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ಇದೆ. ಅಲ್ಲಿಯ ಎಕೋ ಮಾದರಿಯ ಕೇಸ್ ಚರ್ಚೆಗಳು ವಿಡಿಯೋ ಆದರೂ ಬಹುಪಾಲು ಕೇಳಿಯೇ ಹಿಡಿಯಬಹುದು. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಈ ಮಾದರಿ ಶುರು ಮಾಡಿದರು. ದೂರದೂರಿನ ವೈದ್ಯರು ತಮ್ಮ ಕೇಸ್ ಹೇಳುತ್ತಾರೆ, ತಜ್ಞರ ಜೊತೆ ಎಲ್ಲರೂ ಚರ್ಚಿಸುತ್ತಾರೆ. ನಿಮ್ಹಾನ್ಸ್‌ನ ಚರ್ಚೆಗಳಲ್ಲಿ ಬರುವ ರೋಗಿಗಳು ನಮ್ಮ ಓಪಿಡಿಯ ರೋಗಿಗಳೇ. ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತದೆ. ಅದರ ಲೇಖನಗಳನ್ನು ಫೋನಿನ ಗಟ್ಟಿಯಾಗಿ ಓದುವ ಸೌಲಭ್ಯದಿಂದ ಕೇಳಿ. ಪೀಠಿಕೆ ಮತ್ತು ಚರ್ಚೆಯ ಭಾಗ ಕೇಳಲು ಚೆನ್ನ. ಕೋಷ್ಟಕ ಬಂದಾಗ ನಿಲ್ಲಿಸಿ, ಕಣ್ಣಿನಿಂದ ನೋಡಿ.

ಯಾವ ಮೂಲವಾದರೂ ಸರಿ, ಮೂರು ವಿಷಯ ಪರೀಕ್ಷಿಸಿ.

ಮೊದಲನೆಯದು ಹಣ. ಮಾತಾಡುವವರು ಯಾವ ಕಂಪನಿಯಿಂದ ಗೌರವಧನ ಪಡೆಯುತ್ತಾರೆ ಎಂದು ಹೇಳಿದ್ದಾರಾ? ಹೇಳದಿದ್ದರೆ ಹೊಸ ಔಷಧದ ಹೊಗಳಿಕೆಯನ್ನು ತಕ್ಷಣ ನಂಬಬೇಡಿ.

ಎರಡನೆಯದು ತಾರೀಕು. ಇದು ಪ್ರಾಣದ ಪ್ರಶ್ನೆ. ವ್ಯಾಲ್‌ಪ್ರೋಯೇಟ್ ಬಗ್ಗೆ ಬ್ರಿಟನ್ 2024ರ ಜನವರಿಯಲ್ಲಿ ನಿಯಮ ಬಿಗಿ ಮಾಡಿತು. 55 ವರ್ಷದೊಳಗಿನವರಿಗೆ, ಗಂಡಸಾಗಲಿ ಹೆಂಗಸಾಗಲಿ, ಬೇರೆ ದಾರಿಯಿಲ್ಲ ಎಂದು ಇಬ್ಬರು ತಜ್ಞರು ಒಪ್ಪದೆ ಹೊಸದಾಗಿ ಶುರು ಮಾಡುವಂತಿಲ್ಲ. ಗರ್ಭದಲ್ಲಿ ಈ ಔಷಧಕ್ಕೆ ಒಡ್ಡಿಕೊಂಡ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟುದೋಷ ಇರುತ್ತದೆ. ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ. ಹತ್ತು ವರ್ಷದ ಹಿಂದಿನ ಉಪನ್ಯಾಸ ಕೇಳಿ ಆ ಮದುವೆಯ ಹುಡುಗಿಗೆ ಸಲಹೆ ಕೊಡುವಂತಿಲ್ಲ. ಕ್ಲೋಜಪಿನ್ ವಿಷಯದಲ್ಲೂ ಹಾಗೆಯೇ. ಅಮೆರಿಕದಲ್ಲಿ ರಕ್ತ ಪರೀಕ್ಷೆಯ ವರದಿ ಕೊಡದೆ ಮಾತ್ರೆ ಸಿಗದಂಥ ವ್ಯವಸ್ಥೆ ಇತ್ತು. 2025ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ತೆಗೆಯಿತು. ಪರೀಕ್ಷೆಯೇ ಬೇಡ ಎಂದು ಇದರರ್ಥ ಅಲ್ಲ. ಈ ಔಷಧದಿಂದ ಕುಸಿಯಬಹುದಾದ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮಾಡಿಸಬೇಕೆಂಬ ಸಲಹೆ ಹಾಗೇ ಇದೆ. ಹಳೆಯ ಆಡಿಯೋ ಹಳೆಯ ನಿಯಮ ಹೇಳುತ್ತದೆ, ಅವಸರದ ಹೊಸ ಆಡಿಯೋ ಅರ್ಧ ಸುದ್ದಿ ಹೇಳುತ್ತದೆ. ಎರಡನ್ನೂ ಮೂಲದೊಂದಿಗೆ ತಾಳೆ ನೋಡಬೇಕು.

ಮೂರನೆಯದು, ಯಾರ ರೋಗಿಗಳು? ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಹಿಡಿದು ಮಾತಾಡುತ್ತಿದ್ದಾರಾ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5-ಟಿಆರ್ ಹಿಡಿದೋ? ದೀರ್ಘಕಾಲದ ಶೋಕದ ಕಾಯಿಲೆಗೆ ಐಸಿಡಿ-11ರಲ್ಲಿ 6 ತಿಂಗಳು ದಾಟಿರಬೇಕು, ಡಿಎಸ್‌ಎಂ-5-ಟಿಆರ್‌ನಲ್ಲಿ ವಯಸ್ಕರಿಗೆ 12 ತಿಂಗಳು. ಎರಡೂ ಕಡೆ ಆಯಾ ಸಮುದಾಯದ ರೂಢಿಯನ್ನು ಗಮನಿಸಿ ಎನ್ನುತ್ತಾರೆ. ವಿದೇಶದ ಪಾಡ್‌ಕಾಸ್ಟ್‌ನಲ್ಲಿ "ಮುಂದಿನ ವಾರ ಥೆರಪಿಸ್ಟ್ ಹತ್ತಿರ ಕಳಿಸಿ" ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಿಮ್ಮ ರೋಗಿ ಎರಡು ತಿಂಗಳಿಗೊಮ್ಮೆ, ಅಣ್ಣನ ಜೊತೆ, ಮೊದಲ ಬಸ್ಸಿಗೆ ಬರುತ್ತಾನೆ. ಆ ಸಲಹೆಯನ್ನು ಇಲ್ಲಿಗೆ ಹೊಂದಿಸುವ ಕೆಲಸ ನಿಮ್ಮದೇ.

ಹಂತ 4: ಪ್ಲೇ ಒತ್ತುವ ಮೊದಲು

ಎರಡು ನಿಮಿಷ ತೆಗೆದುಕೊಂಡು, ಈ ಪ್ರಶ್ನೆಗೆ ಈಗ ನಿಮ್ಮ ಉತ್ತರ ಏನು ಎಂದು ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ. ಮೊದಲೇ ಒಂದು ಉತ್ತರಕ್ಕೆ ಕಟ್ಟುಬಿದ್ದಿದ್ದರೆ ಅದಕ್ಕಿಂತ ಬೇರೆಯದನ್ನು ಕೇಳಿದಾಗ ಮನಸ್ಸು ಎಚ್ಚರಗೊಳ್ಳುತ್ತದೆ. ಇಲ್ಲದಿದ್ದರೆ ಎಲ್ಲವೂ "ಗೊತ್ತಿದ್ದದ್ದೇ" ಅನ್ನಿಸಿ ಜಾರಿಹೋಗುತ್ತದೆ.

ಹಂತ 5: ಎಲ್ಲಿ, ಯಾವಾಗ, ಎಷ್ಟು ಕೇಳಬೇಕು

ಬೈಕಿನಲ್ಲಿ ಇಯರ್‌ಫೋನ್ ಬೇಡವೇ ಬೇಡ. ಘಾಟಿ ರಸ್ತೆಯಲ್ಲಿ, ಊರೊಳಗಿನ ಟ್ರಾಫಿಕ್ಕಿನಲ್ಲಿ ನೀವೇ ಕಾರು ಓಡಿಸುವಾಗಲೂ ಬೇಡ. ಬೇರೆಯವರು ಓಡಿಸುವ ವಾಹನ, ಬಸ್ಸು, ರೈಲು, ಬೆಳಗಿನ ನಡಿಗೆ, ಬಟ್ಟೆ ಮಡಚುವ ಹೊತ್ತು ಇವು ಒಳ್ಳೆಯ ಜಾಗಗಳು. ಕೈಗೆ ಕೆಲಸವಿದ್ದಾಗ ಕಥೆಯಂಥ ಕೇಸ್ ಚರ್ಚೆ ಕೇಳಿ. ಟ್ರಯಲ್ ವಿಶ್ಲೇಷಣೆಯಂಥ ಗಟ್ಟಿ ವಿಷಯವನ್ನು ಬಸ್ಸಿನಲ್ಲಿ ಸುಮ್ನೆ ಕೂತಾಗ ಕೇಳಿ. ವೇಗ ಹೆಚ್ಚಿಸುವುದಾದರೆ ಒಂದೂಕಾಲು ಪಟ್ಟು, ಪರಿಚಿತ ವಿಷಯಕ್ಕೆ ಒಂದೂವರೆ. ಸಂದರ್ಶನ ಮತ್ತು ಥೆರಪಿಯ ಆಡಿಯೋಗಳ ವೇಗ ಹೆಚ್ಚಿಸಲೇಬೇಡಿ. ಅಲ್ಲಿ ಮೌನವೂ ಪಾಠದ ಭಾಗ.

ನೆಟ್‌ವರ್ಕ್ ಇಲ್ಲದ ದಾರಿ ಇದ್ದರೆ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮನೋವೈದ್ಯರ ಕಿವಿ ದಿನವಿಡೀ ದುಡಿದಿರುತ್ತದೆ. ಕೀಟನಾಶಕ ಕುಡಿದು ಉಳಿದ ಹುಡುಗನ ಮಾತು, ಹೊಡೆತ ತಿಂದ ಹೆಂಗಸಿನ ಮಾತು ಕೇಳಿ ಹೊರಬಂದ ಮೇಲೆ ಕೂಡಲೇ ಕಿವಿಗೆ ಇನ್ನೊಂದು ಕೇಸ್ ಚರ್ಚೆ ತುಂಬಬೇಡಿ. ಅಂಥ ದಿನ ವಾಪಸ್ ಪ್ರಯಾಣದಲ್ಲಿ ಏನನ್ನೂ ಕೇಳದೆ ಸುಮ್ಮನಿರುವುದೇ ಸರಿ. ಹಾಡು ಕೇಳಬೇಕೆನಿಸಿದರೆ ಕೇಳಿ. ಕಲಿಕೆ ಬೆಳಗಿನ ಪ್ರಯಾಣಕ್ಕಿರಲಿ. ನಾವು ದಣಿದರೆ ನಾಳೆ ಬರುವ ರೋಗಿಗೆ ನಷ್ಟ. ಇದನ್ನು ನಾನು ಕಿರಿಯ ಸಹೋದ್ಯೋಗಿಗಳಿಗೆ ಒತ್ತಿ ಹೇಳುತ್ತೇನೆ.

ಹಂತ 6: ನಿಲ್ಲಿಸಿ, ಕನ್ನಡದಲ್ಲಿ ಹೇಳಿ

ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ. ಫೋನಿನ ವಾಯ್ಸ್ ರೆಕಾರ್ಡರ್ ತೆರೆದು ಒಂದು ನಿಮಿಷ ಮಾತಾಡಿ. ಕೇಳಿದ್ದರಲ್ಲಿ ಮುಖ್ಯವಾದದ್ದನ್ನು ರೋಗಿಯ ತಾಯಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ.

ಇದರ ಹಿಂದೆ ಗಟ್ಟಿ ಪುರಾವೆ ಇದೆ. ಕಲಿತದ್ದು ಮೊದಲ ದಿನಗಳಲ್ಲೇ ಎಷ್ಟು ಬೇಗ ಮರೆತುಹೋಗುತ್ತದೆ ಎಂದು 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ನೆನಪಿನಿಂದ ಬರೆಯಲು ಯತ್ನಿಸಿದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಅಂದರೆ ಅದೇ ಎಪಿಸೋಡ್ ಎರಡನೇ ಸಲ ಕೇಳುವುದಕ್ಕಿಂತ ಒಂದು ಸಲ ಕೇಳಿ, ನೆನಪಿನಿಂದ ಒಂದು ಸಲ ಹೇಳುವುದು ಮೇಲು.

ಕನ್ನಡದಲ್ಲೇ ಏಕೆ? ನಾವು ಕಲಿಯುವುದು ಇಂಗ್ಲಿಷಿನಲ್ಲಿ, ಚಿಕಿತ್ಸೆ ಕೊಡುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಅರ್ಥವಾಯಿತು ಅನ್ನಿಸಿದ ವಿಷಯ ಕನ್ನಡದಲ್ಲಿ ಹೇಳಲು ಹೋದಾಗ ಎಲ್ಲಿ ತಡವರಿಸುತ್ತದೋ ಅಲ್ಲಿ ನಮಗೇ ಸರಿಯಾಗಿ ಅರ್ಥವಾಗಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಬಗ್ಗೆ ಕೇಳಿದ ಮೇಲೆ ಮಾಡಿಕೊಳ್ಳಬಹುದಾದ ಟಿಪ್ಪಣಿ ಹೀಗಿರುತ್ತದೆ:

"ಅಮ್ಮಾ, ನಿಮ್ಮ ಮಗ ರಾತ್ರಿ ಎಂಟಕ್ಕೆ ಮಾತ್ರೆ ತಗೊಂಡ್ರೆ ಮಾರನೇ ದಿನ ಬೆಳಗ್ಗೆ ಎಂಟಕ್ಕೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ಇದ್ರೆ ರಕ್ತ ಕೊಟ್ಟ ಮೇಲೆ ನುಂಗಲಿ. ನೀರು ಚೆನ್ನಾಗಿ ಕುಡೀಲಿ, ಉಪ್ಪು ಒಮ್ಮೆಲೇ ಬಿಡೋದು ಬೇಡ. ವಾಂತಿ ಭೇದಿ ಶುರುವಾದ್ರೆ, ಕೈ ಜಾಸ್ತಿ ನಡುಗಿದ್ರೆ, ನಡಿಗೆ ತೂರಾಡಿದ್ರೆ ಮಾತ್ರೆ ನಿಲ್ಲಿಸಿ ಕೂಡಲೇ ಕರ್ಕೊಂಡು ಬನ್ನಿ. ಮೈಕೈ ನೋವು ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡು ನುಂಗಬೇಡಿ."

ಕೊನೆಯ ಡೋಸ್ ಆಗಿ 12 ಗಂಟೆಗಳಾದ ಮೇಲೆ ರಕ್ತದಲ್ಲಿ ಔಷಧದ ಲೆವೆಲ್ ನೋಡಬೇಕು ಅನ್ನುವುದು, ನೋವಿನ ಮಾತ್ರೆಗಳು ಲಿಥಿಯಂ ಮಟ್ಟ ಏರಿಸುತ್ತವೆ ಅನ್ನುವುದು ಎರಡೂ ಇದರಲ್ಲಿವೆ. ಈ ಟಿಪ್ಪಣಿಯನ್ನು ಮಾರನೇ ದಿನ, ವಾರದ ನಂತರ, ತಿಂಗಳ ನಂತರ ಮತ್ತೆ ಕೇಳಿ. ಕೇಳುವ ಮೊದಲು ನೆನಪಿನಿಂದ ಹೇಳಲು ಯತ್ನಿಸಿ.

ಹಂತ 7: ಅಚ್ಚಿನಲ್ಲಿ ನೋಡಿ

ಅದೇ ದಿನ ರಾತ್ರಿ ಐದು ನಿಮಿಷ ಸಾಕು. ಅಂಕಿಗಳು, ಔಷಧದ ಹೆಸರುಗಳು, ಅಧ್ಯಯನದ ಸಾರಾಂಶ ನೋಡಿ. ಕಾನೂನಿನ ವಿಷಯವಾದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪಠ್ಯವನ್ನೇ ತೆರೆಯಿರಿ. ಸೆಕ್ಷನ್ 94ರ ತುರ್ತು ಚಿಕಿತ್ಸೆಗೆ 72 ಗಂಟೆ, ಹೆಚ್ಚಿನ ಬೆಂಬಲ ಬೇಕಾದ ರೋಗಿಗಳ ಸೆಕ್ಷನ್ 89ರ ದಾಖಲಾತಿಗೆ 30 ದಿನ. ಇಂಥ ಅಂಕಿಗಳನ್ನು ಚರ್ಚೆಯಲ್ಲಿ ಕೇಳಿದ ನೆನಪಿನ ಮೇಲೆ ಬಳಸಬಾರದು.

ಹಂತ 8: ಜೊತೆಗಾರರು, ಮತ್ತು ಗುಟ್ಟು

ನಾಲ್ಕೈದು ಸಹೋದ್ಯೋಗಿಗಳ ಸಣ್ಣ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಳ್ಳಿ. ವಾರಕ್ಕೊಬ್ಬರು ಮೂರು ನಿಮಿಷದ ವಾಯ್ಸ್ ನೋಟ್ ಹಾಕಲಿ. ಪ್ರಶ್ನೆ ಏನು, ಏನು ಕೇಳಿದೆ, ಏನನ್ನು ಒಪ್ಪಲಿಲ್ಲ ಎಂದು ಹೇಳಲಿ. ಈ ಕೊನೆಯದು ಕಡ್ಡಾಯ. ಒಪ್ಪದ ಮಾತಿಲ್ಲದಿದ್ದರೆ ಚರ್ಚೆ ಹುಟ್ಟುವುದಿಲ್ಲ.

ಆದರೆ ರೋಗಿಯ ದನಿ ಈ ಗುಂಪಿಗೆ ಎಂದೂ ಬರಬಾರದು. ಹೆಸರು ತೆಗೆದರೂ ದನಿಯೇ ಗುರುತು. ಊರಿನ ಹೆಸರು, ಕೆಲಸ, ವಿರಳವಾದ ಘಟನೆ ಹೇಳಿದರೆ ಸಣ್ಣ ತಾಲ್ಲೂಕಿನಲ್ಲಿ ಯಾರೆಂದು ತಿಳಿದುಬಿಡುತ್ತದೆ. ಗೋಪ್ಯತೆ ರೋಗಿಯ ಹಕ್ಕು ಎಂದು ಕಾಯ್ದೆಯ ಸೆಕ್ಷನ್ 23 ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ನಮ್ಮ ಮೇಲಿನ ಋಣ. ನಿಮ್ಮ ಸ್ವಂತ ಟಿಪ್ಪಣಿಗಳಲ್ಲೂ ವಯಸ್ಸನ್ನು ಸುಮಾರಾಗಿ ಹೇಳಿ, ಬೇರೆ ವಿವರ ಬಿಡಿ.

ಹಂತ 9: ಕ್ರೆಡಿಟ್ ಲೆಕ್ಕ

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳ ಪ್ರಕಾರ ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣ) ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ 2002ರದ್ದೇ ಉಳಿಯಿತು. ಪಾಡ್‌ಕಾಸ್ಟ್ ಕೇಳಿದ ಗಂಟೆಗಳು ತಾವಾಗಿಯೇ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ರಾಜ್ಯದ ವೈದ್ಯಕೀಯ ಪರಿಷತ್ತು ಮಾನ್ಯ ಮಾಡಿದ ಕಾರ್ಯಕ್ರಮವೇ ಆಗಬೇಕು. ಕೋರ್ಸ್ ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಿ. ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದ ಮನೋವೈದ್ಯರಿಗೆ ದಾರಿ ಬೇರೆ. ರಾಯಲ್ ಕಾಲೇಜಿನ ಲೆಕ್ಕದಲ್ಲಿ ವರ್ಷಕ್ಕೆ 50 ಕ್ರೆಡಿಟ್ ಬೇಕು, ಅದನ್ನು ಸಹೋದ್ಯೋಗಿಗಳ ಗುಂಪಿನಲ್ಲಿ ಚರ್ಚಿಸಬೇಕು. ಎಲ್ಲಿದ್ದರೂ ಒಂದು ಪುಸ್ತಕ ಇಡಿ: ತಾರೀಕು, ಪ್ರಶ್ನೆ, ಕೇಳಿದ್ದು, ಅಚ್ಚಿನಲ್ಲಿ ನೋಡಿದ್ದು, ಬದಲಾಯಿಸಿದ್ದು.

ಹಂತ 10: ಫೈಲು

ಆ ಪುಸ್ತಕದ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಕ್ಲೋಜಪಿನ್‌ನ ಮಲಬದ್ಧತೆಯ ಬಗ್ಗೆ ಒಂದು ಎಪಿಸೋಡ್ ಕೇಳಿದಿರಿ ಎಂದುಕೊಳ್ಳಿ. ಕರುಳಿನ ಚಲನೆ ನಿಧಾನವಾಗಿ, ಕೊನೆಗೆ ಪ್ರಾಣಕ್ಕೇ ಕುತ್ತು ಬರಬಹುದು ಎಂದು ಎಫ್‌ಡಿಎ 2020ರಲ್ಲಿ ಎಚ್ಚರಿಕೆಯನ್ನು ಬಲಪಡಿಸಿತು. ರಕ್ತದ ಎಣಿಕೆಯನ್ನು ನಾವು ತಪ್ಪದೆ ನೋಡುತ್ತೇವೆ, ಹೊಟ್ಟೆಯ ವಿಷಯ ಕೇಳುವುದನ್ನು ಮರೆಯುತ್ತೇವೆ. ರೋಗಿಯೂ ತಾನಾಗಿ ಹೇಳುವುದಿಲ್ಲ.

ಹಾಗಾದರೆ ಮುಂದಿನ ಓಪಿಡಿಯಲ್ಲಿ ಏನು ಮಾಡಬೇಕು? ಕ್ಲೋಜಪಿನ್ ತೆಗೆದುಕೊಳ್ಳುವವರ ಫೈಲಿನ ಮೊದಲ ಪುಟದಲ್ಲಿ "ಎಎನ್‌ಸಿ" (ನ್ಯೂಟ್ರೋಫಿಲ್ ಎಣಿಕೆ) ಪಕ್ಕದಲ್ಲೇ "ಕೊನೆಯ ಸಲ ಹೊರಕಡೆ ಹೋದದ್ದು ಯಾವಾಗ" ಎಂಬ ಸಾಲು ಸೇರಿಸಿ. ನರ್ಸ್‌ಗೆ, ಸೋಶಿಯಲ್ ವರ್ಕರ್‌ಗೆ ಅದನ್ನು ಕೇಳಲು ಹೇಳಿಕೊಡಿ. ಬೇರೆ ಮಾತ್ರೆಗಳ ಪಟ್ಟಿ ನೋಡಿ. ನಡುಕ, ಬಿಗಿತ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್ ಅಗತ್ಯವಿಲ್ಲದೆ ಮುಂದುವರಿದಿದ್ದರೆ ಅದು ಮಲಬದ್ಧತೆಯನ್ನು ಹೆಚ್ಚಿಸುತ್ತದೆ, ನಿಧಾನವಾಗಿ ಇಳಿಸಿ. ಮಲ ಸಡಿಲಿಸುವ ಔಷಧವನ್ನು ತಡಮಾಡದೆ ಕೊಡಿ. ಹೊಟ್ಟೆ ಉಬ್ಬರ, ವಾಂತಿ, ಜೋರು ನೋವು ಬಂದರೆ ಮಾರನೇ ದಿನಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕು ಎಂದು ಮನೆಯವರಿಗೆ ಹೇಳಿ.

ಮೂರು ತಿಂಗಳಾದ ಮೇಲೆ ಹತ್ತು ಫೈಲು ತೆಗೆದು ಆ ಸಾಲು ತುಂಬಿದೆಯೇ ನೋಡಿ. ತುಂಬಿರದಿದ್ದರೆ ಹೊಸ ಎಪಿಸೋಡ್ ಹುಡುಕಬೇಡಿ, ಯಾರು ಕೇಳಬೇಕು, ಯಾವಾಗ ಕೇಳಬೇಕು ಎಂಬುದನ್ನು ಓಪಿಡಿಯವರ ಜೊತೆ ಕೂತು ಸರಿಪಡಿಸಿ. ಅದೇ ದಿನ ಫೋನಿನ ಪಟ್ಟಿಯನ್ನೂ ನೋಡಿ. ಈ ಮೂರು ತಿಂಗಳಲ್ಲಿ ನಿಮ್ಮ ಒಂದು ಪ್ರಶ್ನೆಗೂ ಉತ್ತರ ಕೊಡದ ಪಾಡ್‌ಕಾಸ್ಟ್‌ಗಳನ್ನು ತೆಗೆದುಹಾಕಿ.